ಉರಿದ್ರೆ ಕೆಲಸ ಮಾಡ್ತಿದೆ ಅಂತ

ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕೌಂಟರಕ್ಕ ಎಂದೇ ಕರೆಯುತ್ತಿದ್ದರು. ಮೂರು ಮಹಡಿಯ ದೊಡ್ಡ ಅಂಗಡಿ ಅದು. ಒಳಗೆ ಕಾಲಿಟ್ಟ ಕೂಡಲೇ ಬಲಕ್ಕೆ ಸಿಗುವ, ಕನ್ನಡಿಯೂ ದೀಪವೂ ತುಂಬಿದ ಸೌಂದರ್ಯ ಸಾಮಗ್ರಿಯ ಕೌಂಟರಿನ ಹಿಂದೆ ಹತ್ತೊಂಬತ್ತು ವರ್ಷ ನಿಂತವಳು. ಕೂತವಳಲ್ಲ, ನಿಂತವಳು, ಅಲ್ಲಿ ಕುರ್ಚಿ ಇಡುವ ಪದ್ಧತಿಯೇ ಇರಲಿಲ್ಲ. ಬಾಗಿಲು ಕಾಯುವ ಮುದುಕ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನು, ಅವನೂ ಅಕ್ಕ ಎನ್ನುತ್ತಿದ್ದ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಯರೂ ಅಕ್ಕ ಎನ್ನುತ್ತಿದ್ದರು. ಹಾಗೆ ಕರೆಯುವ ನಿಜವಾದ ಹಕ್ಕು ಇದ್ದದ್ದು ಲೋಕದಲ್ಲಿ ಒಬ್ಬಳಿಗೇ. ಆ ಒಬ್ಬಳು ಮಾತ್ರ ನಾಲ್ಕು ವರ್ಷದಿಂದ ಕರೆದಿರಲಿಲ್ಲ.

ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೌಂಟರಕ್ಕನ ಮುಖದ ಕತೆ ಆಗಲಿ.

ಬೇರೆ ಕೌಂಟರಿನವರು ಕ್ರೀಮನ್ನು ಮುಂಗೈಗೆ ಹಚ್ಚಿ ತೋರಿಸುತ್ತಾರೆ. ಇವಳ ಧಾಟಿಯೇ ಬೇರೆ. "ಮುಖಕ್ಕೆ ಹಚ್ಚೋದನ್ನ ಕೈಗೆ ಹಚ್ಚಿ ತೋರಿಸಿದ್ರೆ ಏನು ಗೊತ್ತಾಗುತ್ತೆ ಹೇಳಿ" ಎಂದು ತನ್ನ ಕೆನ್ನೆಗೇ ಹಚ್ಚಿ ತೋರಿಸುತ್ತಿದ್ದಳು. ಸತ್ತ ಚರ್ಮವನ್ನು ಕಿತ್ತು ತೆಗೆಯುವ ಆಸಿಡ್ಡು, ಕಲೆ ಅಳಿಸುವ ವಿಟಮಿನ್ನು, ಮರಳಿನಂತೆ ತರಿತರಿಯಾದ ಸ್ಕ್ರಬ್ಬು, ತೊಳೆದ ತಟ್ಟೆಯ ಹಾಗೆ ಮುಖವನ್ನು ಕಿರ್ ಎನ್ನಿಸುವ ನೊರೆ, ಏನೇ ಹೊಸ ಸರಕು ಬರಲಿ, ಮೊದಲ ಪ್ರಯೋಗ ಅವಳ ಮುಖದ ಮೇಲೆ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಜನ ಹೆಚ್ಚಿದರೆ ಇನ್ನೆರಡು. ವ್ಯಾಪಾರವೂ ಹಾಗೇ ಆಗುತ್ತಿತ್ತು ಅನ್ನಿ, ಸುಳ್ಳು ಯಾಕೆ ಹೇಳಲಿ.

ಯಾರಾದರೂ ಗಿರಾಕಿ ಕೆನ್ನೆ ಹಿಡಿದುಕೊಂಡು "ಇದೇನ್ರೀ, ಚುರುಚುರು ಅಂತಿದೆ" ಎಂದರೆ ಅವಳ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು. "ಉರಿದ್ರೆ ಕೆಲಸ ಮಾಡ್ತಿದೆ ಅಂತ. ಸ್ವಲ್ಪ ತಡ್ಕೊಳಿ, ತಾಳಿದವನು ಬಾಳಿಯಾನು." ಎಷ್ಟು ಭರವಸೆಯಿಂದ ಹೇಳುತ್ತಿದ್ದಳೆಂದರೆ, ಆ ಗಿರಾಕಿ ಕಣ್ಣೊರೆಸಿಕೊಂಡು ಒಂದರ ಬದಲು ಎರಡು ಬಾಟಲಿ ಕೊಂಡು ಹೋಗುತ್ತಿದ್ದಳು. ಹೊಸ ಹುಡುಗಿಯರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠವೂ ಅದೇ. ಅವಳಿಗೆ ಅದನ್ನು ಕಲಿಸಿದವರು ಯಾರೋ, ಅವಳಿಗೇ ನೆನಪಿರಲಿಲ್ಲ.

ಮನೆ ಎಂದರೆ ಎರಡನೇ ಮಹಡಿಯ ಒಂದು ಕೋಣೆ, ಒಂದು ಅಡುಗೆಮೂಲೆ, ಒಂದು ಬಚ್ಚಲು. ಕೋಣೆಯಲ್ಲಿ ಎರಡು ಮಂಚ. ಒಂದರಲ್ಲಿ ಅವಳು ಮಲಗುತ್ತಿದ್ದಳು, ಇನ್ನೊಂದರ ಮೇಲೆ ಇಸ್ತ್ರಿ ಕಾಯುವ ಬಟ್ಟೆಗಳು, ಅಂಗಡಿಯಿಂದ ತಂದ ಖಾಲಿ ರಟ್ಟಿನ ಪೆಟ್ಟಿಗೆಗಳು, ಹಳೆಯ ಛತ್ರಿ. ಅಪ್ಪ ಅಮ್ಮ ಎರಡು ವರ್ಷದ ಅಂತರದಲ್ಲಿ ತೀರಿಕೊಂಡಾಗ ಅವಳಿಗೆ ಇಪ್ಪತ್ಮೂರು, ತಂಗಿಗೆ ಹನ್ನೆರಡು. ಆ ವರ್ಷವೇ ಕೌಂಟರಿಗೆ ಸೇರಿದ್ದು. ತಂಗಿಯ ತಲೆ ಬಾಚಿ, ಮುಖ ತೊಳೆಸಿ, ಪೌಡರು ಹಾಕಿ, ಶಾಲೆಯ ಗೇಟಿನವರೆಗೂ ಬಿಟ್ಟು, ಅಲ್ಲಿಂದ ಓಡಿ ಬಸ್ಸು ಹಿಡಿಯುತ್ತಿದ್ದಳು. ಮದುವೆಯ ಮಾತು ಎರಡು ಮೂರು ಸಲ ಬಂದು ಹೋಯಿತು. ಬಂದವರು "ತಂಗಿ ಎಲ್ಲಿರ್ತಾಳೆ" ಎಂದು ಕೇಳುತ್ತಿದ್ದರು, ಇವಳು "ನನ್ನ ಜೊತೆ" ಎನ್ನುತ್ತಿದ್ದಳು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಇವಳಿಗೇನೂ ಬೇಸರವಿರಲಿಲ್ಲ. ಆಗ ಆ ಎರಡನೇ ಮಂಚ ಖಾಲಿ ಇರಲಿಲ್ಲ ನೋಡಿ.

ಅಂಗಡಿ ಅವಳಿಗೆ ಕೊಟ್ಟಿದ್ದ ವಾರದ ರಜೆ ಮಂಗಳವಾರ. ಮಂಗಳವಾರ ಊರಿಗೆ ಊರೇ ಕೆಲಸಕ್ಕೆ ಹೋಗಿರುತ್ತದೆ. ಮೆಟ್ಟಿಲ ಮೇಲೆ ಯಾರ ಹೆಜ್ಜೆಯೂ ಕೇಳುವುದಿಲ್ಲ. ಅವಳು ಬಟ್ಟೆ ಒಗೆದು, ಒಂದು ಹೊತ್ತಿನ ಅಡುಗೆಯನ್ನು ಎರಡು ಹೊತ್ತಿಗೆ ಆಗುವಷ್ಟು ಮಾಡಿ, ಕಿಟಕಿಯ ಹತ್ತಿರ ಕೂತು ಎದುರಿನ ಗೋಡೆ ನೋಡುತ್ತಿದ್ದಳು. ಕೆಲವು ಮಂಗಳವಾರ ಬೆಳಗಿನಿಂದ ಸಂಜೆಯವರೆಗೆ ಅವಳ ಗಂಟಲಿನಿಂದ ಒಂದೇ ಒಂದು ಶಬ್ದವೂ ಹೊರಡುತ್ತಿರಲಿಲ್ಲ. ಮಾರನೇ ದಿನ ಮೊದಲ ಗಿರಾಕಿಗೆ "ಬನ್ನಿ" ಎನ್ನಲು ಹೋದರೆ ಸ್ವರ ಒಡೆದಿರುತ್ತಿತ್ತು.

ಸಂಜೆ ಮನೆಗೆ ಬಂದವಳು ಮೊದಲು ಮೇಕಪ್ಪು ತೆಗೆಯುತ್ತಿದ್ದಳು. ನೊರೆ ಹಾಕಿ ಎರಡು ಸಲ ತೊಳೆದು, ಟೋನರ್ ಎಂಬ ದ್ರವದಲ್ಲಿ ಹತ್ತಿ ಅದ್ದಿ ಒತ್ತಿ ಒರೆಸುತ್ತಿದ್ದಳು. ಚುರ್ ಎನ್ನುತ್ತಿತ್ತು. ಆ ಚುರುಕು ಅವಳಿಗೆ ಇಷ್ಟವೇ ಆಗಿತ್ತು. ಇಡೀ ದಿನ ಎಷ್ಟೋ ಜನರ ಮುಖ ಮುಟ್ಟಿ ಬಂದವಳ ಮುಖವನ್ನು ಮುಟ್ಟುವವರು ಯಾರೂ ಇರಲಿಲ್ಲ, ಆ ಉರಿಯಾದರೂ ಮುಟ್ಟುತ್ತಿತ್ತು. ನಗಬೇಡಿ. ಒಂಟಿಯಾಗಿರುವವರು ಎಂತೆಂಥದರ ಜೊತೆಗೋ ರಾಜಿ ಮಾಡಿಕೊಂಡಿರುತ್ತಾರೆ.

ಮುಖ ಕೆಡಲು ಶುರುವಾಗಿ ವರ್ಷ ಆಗಿತ್ತೇನೋ. ಮೊದಮೊದಲು ತೊಳೆದ ಮೇಲೆ ಚರ್ಮ ಬಿಗಿದುಕೊಳ್ಳುತ್ತಿತ್ತು, ನಕ್ಕರೆ ಬಾಯಿಯ ಪಕ್ಕ ಎಳೆಯುತ್ತಿತ್ತು. ಆಮೇಲೆ ಮೂಗಿನ ಇಕ್ಕೆಲದಲ್ಲಿ ಹೊಟ್ಟು ಏಳತೊಡಗಿತು. ಹಣೆ ಎಣ್ಣೆಕಾಗದದ ಹಾಗೆ ಮಿರುಗುತ್ತಿತ್ತು, ಮುಟ್ಟಿದರೆ ಒಣಗಿರುತ್ತಿತ್ತು. ಹತ್ತು ವರ್ಷದಿಂದ ಹಚ್ಚುತ್ತಿದ್ದ ಕ್ರೀಮೇ ಈಗ ಉರಿಯುತ್ತಿತ್ತು. ಅವಳು ಏನು ಮಾಡಿದಳು ಗೊತ್ತೇ? ಹೊಟ್ಟು ಏಳುತ್ತಿದೆಯಲ್ಲ ಎಂದು ಇನ್ನೂ ಜೋರಾಗಿ ಸ್ಕ್ರಬ್ ಮಾಡಿದಳು. ಕೆಂಪಾಯಿತಲ್ಲ ಎಂದು ಅದರ ಮೇಲೆ ಆಸಿಡ್ಡು ಹಚ್ಚಿದಳು. ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಇವಳ ಸುತ್ತ ಹದಿನಾಲ್ಕು ಕನ್ನಡಿ ಇದ್ದವು, ಆದರೂ ಹುಣ್ಣು ಕಾಣಲಿಲ್ಲ.

ಪಕ್ಕದ ಕೌಂಟರಿನ ಲಿಪ್‌ಸ್ಟಿಕ್ ಹುಡುಗಿ ಒಂದು ಬೆಳಗ್ಗೆ ತಮಾಷೆ ಮಾಡಿದಳು. "ಅಕ್ಕಾ, ಇವತ್ತು ಕೆನ್ನೆಗೆ ರಂಗು ಸ್ವಲ್ಪ ಜಾಸ್ತಿ ಆಯ್ತು ಕಣಕ್ಕಾ, ಯಾರಾದ್ರೂ ನೋಡೋಕೆ ಬರ್ತಿದಾರಾ?"

"ಹೂಂ, ನಿನ್ನ ಮ್ಯಾನೇಜರು ಬರ್ತಾನೆ, ಹೋಗಿ ಕೆಲಸ ನೋಡು" ಎಂದು ಇವಳೂ ನಕ್ಕಳು. ಆ ದಿನ ಅವಳು ಕೆನ್ನೆಗೆ ರಂಗು ಹಚ್ಚಿಯೇ ಇರಲಿಲ್ಲ.

ಹೀಗಿರುವಾಗ ಅಂಗಡಿಗೆ ಕೊರಿಯಾದ ಸರಕು ಬಂತು. ಬಿಳಿ ಬಿಳಿ ಡಬ್ಬಿ, ಅದರ ಮೇಲೆ ಹೂವಿಲ್ಲ, ಬಂಗಾರದ ಬಣ್ಣವಿಲ್ಲ, ಮೂಸಿದರೆ ಪರಿಮಳವೂ ಇಲ್ಲ. "ಇದನ್ನ ಯಾರು ತಗೋತಾರೆ, ಔಷಧಿ ಅಂಗಡಿಗೆ ಹೋಗಬೇಕಾದ್ದು ತಪ್ಪಿ ಇಲ್ಲಿಗೆ ಬಂದಿದೆ" ಎಂದು ಕೌಂಟರಕ್ಕ ಮೂಗು ಮುರಿದಳು. ಅದನ್ನು ಮಾರುವುದು ಹೇಗೆಂದು ಕಲಿಸಲು ಕಂಪನಿಯಿಂದ ಒಬ್ಬಾಕೆ ಬಂದಳು. ಐವತ್ತು ದಾಟಿದ ಹೆಂಗಸು, ಮೋಟು ಕೂದಲು, ಮುಖಕ್ಕೆ ಏನೇನೂ ಬಳಿದುಕೊಂಡಿರಲಿಲ್ಲ. ಆರು ವರ್ಷ ಕೊರಿಯಾದಲ್ಲಿದ್ದು ಈ ಕೆಲಸ ಕಲಿತವಳಂತೆ. ಅವಳು ಬಂದ ಅರ್ಧ ಗಂಟೆಯಲ್ಲೇ ಹುಡುಗಿಯರು ಅವಳಿಗೆ ಟೀಚರಮ್ಮ ಎಂದು ಹೆಸರಿಟ್ಟರು.

ತರಬೇತಿ ನಡೆದದ್ದು ಮೂರನೇ ಮಹಡಿಯ ಹಿಂದಿನ ಕೋಣೆಯಲ್ಲಿ, ಕೈ ಮುರಿದ ಗೊಂಬೆಗಳನ್ನು ನಿಲ್ಲಿಸಿರುವ ಜಾಗದಲ್ಲಿ. ಐದು ಜನ ಹುಡುಗಿಯರು, ಅವರ ನಡುವೆ ಕೌಂಟರಕ್ಕ. ಟೀಚರಮ್ಮ ಎಲ್ಲರಿಗೂ ಮೇಕಪ್ಪು ತೆಗೆಯಲು ಹೇಳಿದಳು. ಹತ್ತೊಂಬತ್ತು ವರ್ಷದಲ್ಲಿ ಆ ಅಂಗಡಿಯೊಳಗೆ ಯಾರೂ ಕೌಂಟರಕ್ಕನ ಬರಿ ಮುಖ ನೋಡಿರಲಿಲ್ಲ. ಅವಳು ಕೊನೆಯವಳಾಗಿ, ಕಿಟಕಿಗೆ ಬೆನ್ನು ಮಾಡಿ ತೆಗೆದಳು. ಲಿಪ್‌ಸ್ಟಿಕ್ ಹುಡುಗಿ ತಲೆ ತಗ್ಗಿಸಿ ಕೈಯಲ್ಲಿದ್ದ ಹತ್ತಿ ಮಡಚತೊಡಗಿದಳು.

ಟೀಚರಮ್ಮ ಒಂದು ಬಟ್ಟಲಿನಲ್ಲಿ ಹತ್ತಿ ಅದ್ದಿ ಒಬ್ಬೊಬ್ಬರ ಕೆನ್ನೆಗೆ ಇಟ್ಟು, "ಹೇಗನಿಸುತ್ತೆ?" ಎಂದು ಕೇಳುತ್ತಾ ಬಂದಳು. ಎಲ್ಲರೂ "ತಣ್ಣಗಿದೆ" ಎಂದರು. ಕೌಂಟರಕ್ಕನ ಸರದಿ ಬಂತು. ಹತ್ತಿ ತಾಗಿದ್ದೇ ತಡ, ಕೆನ್ನೆಯ ಮೇಲೆ ಬೆಂಕಿಕಡ್ಡಿ ಗೀರಿದ ಹಾಗಾಯಿತು. ಏನೋ ಭಾರೀ ಸರಕೇ ಇರಬೇಕು, ಇಷ್ಟು ಕೆಲಸ ಮಾಡುತ್ತಿದೆ ಎಂದುಕೊಂಡಳು. ಆದರೆ ಹುಡುಗಿಯರ ಮುಂದೆ ಸೋಲಬಾರದಲ್ಲ. "ತಣ್ಣಗಿದೆ" ಎಂದಳು.

"ಬಟ್ಟಲಲ್ಲಿರೋದು ಬರೀ ನೀರು" ಎಂದಳು ಟೀಚರಮ್ಮ. "ಚೆನ್ನಾಗಿರೋ ಚರ್ಮಕ್ಕೆ ನೀರು ನೀರಾಗೇ ಇರುತ್ತೆ. ಉರಿದ್ರೆ ಗೋಡೆ ಬಿದ್ದಿದೆ ಅಂತ." ಅಷ್ಟು ಹೇಳಿ ಪಾಠ ಮುಂದುವರಿಸಿದಳು, ಯಾರ ಕಡೆಗೂ ನೋಡಲಿಲ್ಲ.

ಪಾಠ ಮುಗಿದು ಎಲ್ಲರೂ ಇಳಿದು ಹೋದ ಮೇಲೆ ಮೆಟ್ಟಿಲ ತಿರುವಿನಲ್ಲಿ ಟೀಚರಮ್ಮ ಕೌಂಟರಕ್ಕನನ್ನು ತಡೆದು ನಿಲ್ಲಿಸಿದಳು. "ಕೆನ್ನೆ ತಣ್ಣಗಿತ್ತು ಅಂದ್ರಿ. ಕಣ್ಣಲ್ಲಿ ನೀರು ಬಂತಲ್ಲ, ಅದೂ ತಣ್ಣಗಿತ್ತಾ?"

ಕೌಂಟರಕ್ಕ ಮುಖ ಆ ಕಡೆ ತಿರುಗಿಸಿದಳು.

"ಚರ್ಮದ ಮೇಲಿನ ಪದರ ಗೋಡೆ ಇದ್ದ ಹಾಗೆ ಕಣ್ರೀ. ಇಟ್ಟಿಗೆ ಮಧ್ಯೆ ಗಾರೆ ಇರುತ್ತಲ್ಲ, ಹಾಗೆ ಅಲ್ಲೂ ಒಂದು ಜಿಡ್ಡಿರುತ್ತೆ. ನೀವು ಉಜ್ಜಿ ಉಜ್ಜಿ ಆ ಗಾರೇನೇ ತೆಗೆದುಬಿಟ್ಟಿದೀರ. ಒಳಗಿನ ತೇವ ಹೊರಗೆ ಹೋಗುತ್ತೆ, ಹೊರಗಿನ ಕಾಟ ಒಳಗೆ ಬರುತ್ತೆ. ಇಷ್ಟು ದಿನ ಉರೀತಿದ್ದಾಗ ಏನಂದ್ಕೊಂಡಿದ್ರಿ?"

"ಕೆಲಸ ಮಾಡ್ತಿದೆ ಅಂತ" ಎಂದಳು ಕೌಂಟರಕ್ಕ.

"ಯಾರ್ರೀ ಹಾಗಂದಿದ್ದು ನಿಮಗೆ? ಉರಿ ಅಂದ್ರೆ ಚರ್ಮ ಬೇಡ ಬೇಡ ಅಂತ ಕೂಗ್ತಿದೆ ಅಂತ."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ. ಕೌಂಟರಕ್ಕ ಮೆಟ್ಟಿಲ ಕಂಬಿ ಹಿಡಿದು ನಿಂತಳು. ಆದರೆ ಅವಳಿಗೆ ಆ ಕ್ಷಣ ನೆನಪಾದದ್ದು ತನ್ನ ಮುಖವಲ್ಲ, ನಾಲ್ಕು ವರ್ಷದ ಹಿಂದಿನ ಒಂದು ಮಂಗಳವಾರ.

ತಂಗಿಯ ಮದುವೆಗೆ ಹನ್ನೆರಡು ದಿನ ಇತ್ತು. ಹುಡುಗನನ್ನು ತಂಗಿಯೇ ಮೆಚ್ಚಿದ್ದಳು, ಅಕ್ಕನೂ ಒಪ್ಪಿದ್ದಳು. ಮದುವೆಯ ದಿನ ತಂಗಿಯ ಮುಖ ನೋಡಿದವರು ಕಣ್ಣು ಕೀಳಬಾರದು ಎಂದು ಅಂಗಡಿಯಿಂದ ಮುಖದ ಸತ್ತ ಚರ್ಮ ಸುಲಿಯುವ ಒಂದು ದ್ರಾವಣ ತಂದಳು. ಡಬ್ಬಿಯ ಮೇಲೆ ಐದು ನಿಮಿಷ ಎಂದು ಬರೆದಿತ್ತು. ಐದರಲ್ಲಿ ಇಷ್ಟಾದರೆ ಹದಿನೈದರಲ್ಲಿ ಎಷ್ಟಾಗಬಹುದು ಎಂದು ಕೌಂಟರಕ್ಕನ ಲೆಕ್ಕ. ಬಚ್ಚಲ ಹೊಸ್ತಿಲ ಹತ್ತಿರ ಮಣೆ ಹಾಕಿ ತಂಗಿಯನ್ನು ಕೂರಿಸಿ ಹಚ್ಚಿದಳು. ತಂಗಿ "ಅಕ್ಕಾ, ಉರೀತಿದೆ" ಎಂದಳು. "ಉರಿದ್ರೆ ಕೆಲಸ ಮಾಡ್ತಿದೆ ಅಂತ, ಸುಮ್ಮನಿರು." ಸ್ವಲ್ಪ ಹೊತ್ತಿಗೆ ಮತ್ತೆ, "ಅಕ್ಕಾ, ಉರೀತಿದೆ." "ತಡ್ಕೊಳೇ, ಮದುಮಗಳು ನೀನು." ಮೂರನೇ ಸಲ ತಂಗಿ ಅಕ್ಕನ ಮಣಿಕಟ್ಟು ಹಿಡಿದುಕೊಂಡು ಹೇಳಿದಳು. ಅಕ್ಕ ನಗುತ್ತಾ ಆ ಕೈಯನ್ನು ಬಿಡಿಸಿದಳು.

ಎಡಗೆನ್ನೆ ಸುಟ್ಟಿತು. ಮದುವೆಯ ದಿನ ದಪ್ಪಗೆ ಮೇಕಪ್ಪು ಬಳಿದು ಮುಚ್ಚಿದರು. ಮದುವೆಯ ಫೋಟೋಗಳಲ್ಲಿ ತಂಗಿ ಎಡಗೆನ್ನೆ ಕಾಣದ ಹಾಗೆ ತಿರುಗಿಯೇ ನಿಂತಿದ್ದಾಳೆ, ಒಂದರಲ್ಲೂ ನೇರ ನೋಡಿಲ್ಲ. ಸೋದರತ್ತೆಯೊಬ್ಬಳು "ದೊಡ್ಡವಳಿಗೆ ಮದುವೆ ಆಗಲಿಲ್ಲ, ಹೊಟ್ಟೆಕಿಚ್ಚು ಇನ್ನೆಲ್ಲಿಗೆ ಹೋಗುತ್ತೆ" ಎಂದು ಎಲ್ಲರೆದುರಿಗೆ ಅಂದುಬಿಟ್ಟಳು. ಆ ಮಾತು ಕೌಂಟರಕ್ಕನ ಎದೆಗೆ ನಾಟಿತು. ಹನ್ನೆರಡರ ಮಗುವನ್ನು ಸಾಕಿ ಬೆಳೆಸಿದವಳಿಗೆ ಇಂಥ ಮಾತೇ? ಸಿಟ್ಟಿನಲ್ಲಿ ಅವಳು ತಂಗಿಯ ಮೇಲೇ ತಿರುಗಿಬಿದ್ದಳು. "ನಾನು ಹಚ್ಚಿದ್ದು ಸರಿಯಾಗೇ ಇತ್ತು. ನೀನು ಮಾರನೇ ದಿನ ಬಿಸಿಲಿಗೆ ಹೋದೆ, ಅದಕ್ಕೇ ಹೀಗಾಗಿದ್ದು." ತಂಗಿ ಅವಳನ್ನೇ ಒಂದು ಗಳಿಗೆ ನೋಡಿದಳು. ಗಂಡನ ಜೊತೆ ರೈಲಿನಲ್ಲಿ ಹತ್ತು ಗಂಟೆ ದೂರದ ಊರಿಗೆ ಹೊರಟುಹೋದಳು. ಅಂದಿನಿಂದ ಅಕ್ಕ ಸಂದೇಶ ಕಳಿಸಿದರೆ ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬರುತ್ತಿತ್ತು. ಅಷ್ಟೇ.

ನಾಲ್ಕು ವರ್ಷ ಕೌಂಟರಕ್ಕ ಆ ಬಿಸಿಲನ್ನೇ ನಂಬಿಕೊಂಡು ಬದುಕಿದ್ದಳು. ಮೆಟ್ಟಿಲ ತಿರುವಿನಲ್ಲಿ ಅದು ಕೈತಪ್ಪಿ ಹೋಯಿತು.

ಟೀಚರಮ್ಮ ಅವಳಿಗೆ ಮಾಡಬೇಕಾದ್ದನ್ನು ಹೇಳಿದಳು. ಹೇಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಎಲ್ಲವನ್ನೂ ನಿಲ್ಲಿಸಬೇಕು, ಸ್ಕ್ರಬ್ಬು, ಆಸಿಡ್ಡು, ಟೋನರ್, ಮೇಕಪ್ಪು, ಎಲ್ಲ. ಬೆಳಗ್ಗೆ ಬರೀ ಉಗುರುಬೆಚ್ಚಗಿನ ನೀರು. ಸಂಜೆ ಒಂದೇ ಸಲ, ನೊರೆ ಬಾರದ ಮೆತ್ತನೆಯ ಕ್ಲೆನ್ಸರ್, ಅದೂ ಬೆರಳ ತುದಿಯಲ್ಲಿ. ಉಜ್ಜದೆ, ಹತ್ತಿಬಟ್ಟೆಯನ್ನು ಒತ್ತಿ ಒರೆಸಿ, ತೇವ ಆರುವ ಮೊದಲೇ ಆ ಬಿಳಿ ಡಬ್ಬಿಯ ಕ್ರೀಮು. ಚರ್ಮದ ಗಾರೆಗೆ ಬೇಕಾದ ಸೆರಮೈಡ್ ಎಂಬ ಜಿಡ್ಡು ಅದರಲ್ಲಿರುತ್ತದಂತೆ. ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್. ಹೀಗೆ ಆರು ವಾರ, ಬೇಕಾದರೆ ಎಂಟು.

"ಕೊರಿಯಾದವರು ಅಂದ್ರೆ ಹತ್ತು ಡಬ್ಬಿ ಹಚ್ತಾರೆ ಅಂತ ಎಲ್ಲರೂ ಅಂದ್ಕೊಂಡಿದಾರೆ" ಎಂದಳು ಟೀಚರಮ್ಮ. "ನಾನಿದ್ದ ಮನೆಯ ಅಜ್ಜಿ ಹೇಳಿಕೊಟ್ಟಿದ್ದೇ ಬೇರೆ. ಮುಖ ಮುನಿಸಿಕೊಂಡಾಗ ಕೈಕಟ್ಟಿ ಕೂತ್ಕೋ ಅಂತಿದ್ರು. ಮತ್ತೆ ಇನ್ನೊಂದು ಮಾತು. ಈ ಕ್ರೀಮು ಎಷ್ಟೇ ಒಳ್ಳೇದಿರಲಿ, ಹಚ್ಚಿದಾಗ ಉರಿದ್ರೆ ತಕ್ಷಣ ತೊಳೆದುಬಿಡಿ. ಚರ್ಮದ ಮಾತು ಮೊದಲು, ಡಬ್ಬಿ ಮಾತು ಆಮೇಲೆ. ಎರಡು ವಾರದಲ್ಲಿ ಸ್ವಲ್ಪವೂ ತಗ್ಗದಿದ್ರೆ ಚರ್ಮದ ಡಾಕ್ಟರ ಹತ್ರ ಹೋಗಿ, ನಾನೇನು ಡಾಕ್ಟರಲ್ಲ."

ಡಬ್ಬಿಯ ಹಿಂದೆ ಬರೆದದ್ದನ್ನು ಕೌಂಟರಕ್ಕ ಓದಿದಳು. ಮೊದಲ ಸಾಲಿನಲ್ಲೇ ಒಂದೆಲಗ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದೇ ಗಿಡ ಕೊರಿಯಾ ಸುತ್ತಿ ಬಿಳಿ ಡಬ್ಬಿಯೊಳಗೆ ಕೂತು ಬಂದಿತ್ತು.

ಮೇಕಪ್ಪಿಲ್ಲದೆ ಕೌಂಟರಿನಲ್ಲಿ ನಿಲ್ಲುವಂತಿರಲಿಲ್ಲ. ಮ್ಯಾನೇಜರು ಅವಳ ಮುಖ ನೋಡಿ, ಮರುಕ್ಷಣ ತನ್ನ ಮೇಜಿನ ಕಡೆ ನೋಡುತ್ತಾ, "ಮುಖ ಸರಿಯಾಗೋವರೆಗೆ ಕೆಳಗೆ ಗೋದಾಮಲ್ಲಿರಿ" ಎಂದ. ಕೆಟ್ಟವನೇನಲ್ಲ, ಆದರೆ ಹತ್ತೊಂಬತ್ತು ವರ್ಷ ನಿಂತವಳನ್ನು ಕಳಿಸುವಾಗ ಅದಕ್ಕಿಂತ ಹೆಚ್ಚಿನ ಮಾತು ಅವನಿಗೂ ತೋಚಲಿಲ್ಲ. ಗೋದಾಮು ನೆಲಮಾಳಿಗೆಯಲ್ಲಿತ್ತು. ಪೆಟ್ಟಿಗೆ ಬಿಚ್ಚುವುದು, ಚೀಟಿ ಅಂಟಿಸುವುದು, ಮೇಲಕ್ಕೆ ಕಳಿಸುವುದು. ಅಲ್ಲಿ ಕನ್ನಡಿ ಇರಲಿಲ್ಲ, ಕುರ್ಚಿ ಇತ್ತು. ಮೊದಲ ವಾರ ಲಿಪ್‌ಸ್ಟಿಕ್ ಹುಡುಗಿ ಊಟದ ಹೊತ್ತಿಗೆ ಎರಡು ಸಲ ಇಳಿದು ಬಂದಳು. ಆಮೇಲೆ ಕೌಂಟರಿನಲ್ಲಿ ಜನ ಹೆಚ್ಚಾಗಿ ಅದೂ ನಿಂತಿತು. ಈಗ ಇವಳಿಗೆ ಎಲ್ಲ ದಿನವೂ ಮಂಗಳವಾರವಾಯಿತು.

ಎರಡನೇ ವಾರ ಅತಿ ಕಷ್ಟದ್ದು. ಮುಖವೆಲ್ಲ ತುರಿಕೆ, ಹೊಟ್ಟು. ಬಚ್ಚಲ ಕಪಾಟಿನಲ್ಲಿ ಸ್ಕ್ರಬ್ಬಿನ ಡಬ್ಬಿ ಕೈಗೆಟುಕುವಂತೆ ಕೂತಿತ್ತು. ಒಮ್ಮೆ ಉಜ್ಜಿದರೆ ಎಲ್ಲ ನುಣ್ಣಗಾಗುತ್ತದೆ ಎಂದು ಬೆರಳುಗಳು ಹಟ ಮಾಡುತ್ತಿದ್ದವು. ಅವಳು ಮಂಚದ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಏನಾದರೂ ಮಾಡುವುದು ಸುಲಭ, ಸುಮ್ಮನಿರುವುದು ಆ ಕೈಗಳಿಗೆ ಗೊತ್ತೇ ಇರಲಿಲ್ಲ. ಮೂರನೇ ವಾರದಲ್ಲಿ ಕೆಂಪು ತುಸು ತಗ್ಗಿತು.

ಸುಮ್ಮನೆ ಕೂತಾಗಲೆಲ್ಲ ತಂಗಿ ಬರುತ್ತಿದ್ದಳು. ಮಣಿಕಟ್ಟು ಹಿಡಿದ ಆ ಕೈ ಬರುತ್ತಿತ್ತು. ಕೌಂಟರಕ್ಕ ಫೋನು ತೆಗೆದು ಬರೆಯುತ್ತಿದ್ದಳು: "ನಾನು ಬೇಕು ಅಂತ ಮಾಡಲಿಲ್ಲ ಕಣೇ." ಅಳಿಸುತ್ತಿದ್ದಳು. "ನಿನ್ನ ಒಳ್ಳೇದಕ್ಕೇ ಮಾಡಿದ್ದು, ಆದರೂ ಕ್ಷಮಿಸು." ಅದನ್ನೂ ಅಳಿಸುತ್ತಿದ್ದಳು. ಏನು ಬರೆದರೂ ಅದರಲ್ಲಿ ತನ್ನ ಪರವಾಗಿ ವಾದಿಸುವ ಒಬ್ಬ ವಕೀಲ ಬಂದು ಕೂರುತ್ತಿದ್ದ. ಮದುವೆ ಮನೆಯಲ್ಲಿ ಸೋದರತ್ತೆ ಆಡಿದ ಮಾತು ನಾಲ್ಕು ವರ್ಷದಿಂದ ಅವಳನ್ನು ಸುಡುತ್ತಿತ್ತು, ನಿಜ. ಆದರೆ ಅದು ತಂಗಿ ಆಡಿದ ಮಾತಲ್ಲವಲ್ಲ. ತಂಗಿ ಆಡಿದ್ದು ಒಂದೇ ಮಾತು, ಮೂರು ಸಲ. ಒಳಗಿನ ಈ ವಕೀಲ ಮೊದಲು ಬಾಯಿ ಮುಚ್ಚದಿದ್ದರೆ ತಂಗಿ ಇನ್ನು ಯಾವತ್ತೂ ಅಕ್ಕ ಎನ್ನುವುದಿಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾದ ಮಾತ್ರಕ್ಕೆ ಬಾಯಿಗೆ ಬರಬೇಕಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ತನಗೆ ತಾನೇ ಬೈದುಕೊಂಡು ಫೋನು ಮಗುಚಿ ಇಡುತ್ತಿದ್ದಳು.

ಆರನೇ ವಾರದ ಮಂಗಳವಾರ ಬೆಳಗ್ಗೆ ಬಚ್ಚಲಲ್ಲಿ ಮುಖಕ್ಕೆ ನೀರು ಹಾಕಿಕೊಂಡಳು. ಉರಿಯಲಿಲ್ಲ. ಇನ್ನೊಂದು ಬೊಗಸೆ ಹಾಕಿಕೊಂಡಳು. ನೀರು ತಣ್ಣಗೆ ಗದ್ದದಿಂದ ಇಳಿದು ಹೋಯಿತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಯಾರಿಗಾದರೂ ಹೇಳಲೇಬೇಕೆನಿಸಿತು. ಒದ್ದೆ ಮುಖದಲ್ಲೇ ಹೊರಗೆ ಬಂದಳು. ಒಂದು ಮಂಚ, ಇನ್ನೊಂದು ಮಂಚ, ಅದರ ಮೇಲೆ ರಟ್ಟಿನ ಪೆಟ್ಟಿಗೆಗಳು. ಹೇಳಲು ಯಾರೂ ಇರಲಿಲ್ಲ. ಅವಳು ಅಲ್ಲೇ ನಿಂತು ಅತ್ತಳು. ಅತ್ತು ಮುಗಿದ ಮೇಲೆ, ಯೋಚಿಸಿದರೆ ಮತ್ತೆ ಆಗುವುದಿಲ್ಲವೆಂದು, ಯೋಚಿಸದೆಯೇ ತಂಗಿಗೆ ಫೋನು ಮಾಡಿದಳು.

ಎಂಟು ಸಲ ಬಡಿದ ಮೇಲೆ ತಂಗಿ ಎತ್ತಿದಳು. "ಹೇಳಿ" ಎಂದಳು.

ಹನ್ನೆರಡನೇ ವಯಸ್ಸಿನಿಂದ ಸಾಕಿ ಬೆಳೆಸಿದ ತಂಗಿ, ಮನೆ ಬಾಡಿಗೆಗೆ ಕೇಳಲು ಬಂದವರಿಗೆ ಅನ್ನುವ ಹಾಗೆ, "ಹೇಳಿ" ಎಂದಳು. ಕೌಂಟರಕ್ಕ ಗೋಡೆಗೆ ಒರಗಿದಳು.

"ಆವತ್ತು ಡಬ್ಬಿ ಮೇಲೆ ಐದು ನಿಮಿಷ ಅಂತ ಬರೆದಿತ್ತು. ನಾನು ಹದಿನೈದು ನಿಮಿಷ ಇಟ್ಟೆ. ಉರೀತಿದೆ ಅಂತ ನೀನು ಮೂರು ಸಲ ಹೇಳಿದೆ. ಮೂರನೇ ಸಲ ನನ್ನ ಕೈ ಹಿಡ್ಕೊಂಡೆ. ನಾನು ಬಿಡಿಸಿದೆ. ಬಿಸಿಲಿನದು ಏನೂ ತಪ್ಪಿರಲಿಲ್ಲ. ನಿಂದೂ ಇರಲಿಲ್ಲ. ನಂದೇ."

ಆ ಕಡೆ ಎಲ್ಲೋ ಕುಕ್ಕರು ಕೂಗಿತು. ಕೌಂಟರಕ್ಕನಿಗೆ ಇನ್ನೂ ಹೇಳಬೇಕೆನಿಸಿತು, ಬೇಕು ಅಂತ ಮಾಡಿದ್ದಲ್ಲ ಎಂದು. ತುಟಿ ಕಚ್ಚಿಕೊಂಡು ಸುಮ್ಮನಿದ್ದಳು. ಆರು ವಾರದಲ್ಲಿ ಕಲಿತದ್ದು ಅದೊಂದನ್ನೇ.

"ಇಷ್ಟು ಹೇಳೋಕೆ ನಾಲ್ಕು ವರ್ಷ ಬೇಕಾಯ್ತಾ?" ಎಂದಳು ತಂಗಿ.

"ಹೂಂ."

"ಈಗ ಯಾಕೆ ಹೇಳ್ತಿದೀರ?"

ಕೌಂಟರಕ್ಕ ತನ್ನ ಮುಖದ ಕತೆ ಹೇಳಿದಳು. ನೀರು ಉರಿದದ್ದು, ತಣ್ಣಗಿದೆ ಎಂದು ಸುಳ್ಳು ಹೇಳಿದ್ದು, ಗೋದಾಮು, ಎಲ್ಲ. ತಂಗಿ ಕೊನೆಗೆ ಕೇಳಿದಳು: "ಹಾಗಾದ್ರೆ ಉರಿಯೋದು ಒಳ್ಳೇದಲ್ವಾ?"

"ಅಲ್ಲ."

"ನನಗೆ ಇವತ್ತಿಗೂ ಉರಿಯುತ್ತೆ." ತಂಗಿಯ ಸ್ವರ ಈಗ ಬೇರೆಯಾಗಿತ್ತು. "ಕೆನ್ನೆ ಮೇಲಿನ ಕಲೆ ಹೋಗಲಿಲ್ಲ. ಅದಕ್ಕೆ ದಿನಾ ಸಂಜೆ ಉಜ್ಜಿ, ನೀವು ಹಚ್ತಿದ್ದ ಟೋನರೇ ತರಿಸಿ ಹಚ್ತೀನಿ. ಕಣ್ಣಲ್ಲಿ ನೀರು ಬರುತ್ತೆ. ಉರಿದ್ರೆ ಕೆಲಸ ಮಾಡ್ತಿದೆ ಅಂತ ನೀವೇ ಹೇಳಿದ್ರಲ್ಲ."

ಕೌಂಟರಕ್ಕ ಬಚ್ಚಲ ಹೊಸ್ತಿಲ ಮೇಲೆ ಕೂತುಬಿಟ್ಟಳು. ಮಾತು ಬಿಟ್ಟ ತಂಗಿ, ಮುಖ ತಿರುಗಿಸಿಕೊಂಡು ಹೋದ ತಂಗಿ, ಅಕ್ಕನ ಈ ಒಂದು ಮಾತನ್ನು ಮಾತ್ರ ಜೊತೆಗೆ ಕೊಂಡೊಯ್ದಿದ್ದಳು. ನಾಲ್ಕು ವರ್ಷ ಪ್ರತಿ ಸಂಜೆ, ಅಷ್ಟು ದೂರದ ಊರಿನಲ್ಲಿ, ಅದನ್ನೇ ನಂಬಿ ತನ್ನ ಕೆನ್ನೆ ಸುಟ್ಟುಕೊಂಡಿದ್ದಳು. ತಾನೊಬ್ಬಳೇ ಒಂಟಿಯಾಗಿ ಬಚ್ಚಲಲ್ಲಿ ನಿಂತು ಉರಿ ತಡೆಯುತ್ತಿದ್ದೇನೆ ಎಂದು ಇವಳು ಅಂದುಕೊಂಡಿದ್ದಳು. ಅದೇ ಹೊತ್ತಿಗೆ ಅಲ್ಲಿ ಅವಳೂ ನಿಂತಿರುತ್ತಿದ್ದಳು.

"ಬಿಟ್ಟುಬಿಡು" ಎಂದಳು ಅಕ್ಕ. "ಇವತ್ತಿಂದಲೇ ಬಿಟ್ಟುಬಿಡು. ಬರೀ ನೀರು ಹಾಕು, ಸಾಕು. ಮೊದಲು ಒಬ್ಬ ಚರ್ಮದ ಡಾಕ್ಟರಿಗೆ ತೋರಿಸು, ನನ್ನ ಮಾತನ್ನ ಇನ್ನು ಕಣ್ಮುಚ್ಚಿ ನಂಬಬೇಡ. ನಾನು ಹಚ್ಚಿದ್ದನ್ನ ಕಳಿಸ್ತೀನಿ, ಡಾಕ್ಟರು ಸರಿ ಅಂದ್ರೆ ಮಾತ್ರ ಹಚ್ಕೊ."

ತಂಗಿ "ಆಯ್ತು" ಎಂದು ಫೋನಿಟ್ಟಳು.

ಕೌಂಟರಕ್ಕ ಅದೇ ದಿನ ಬಿಳಿ ಡಬ್ಬಿಯನ್ನೂ ಕ್ಲೆನ್ಸರನ್ನೂ ಪೆಟ್ಟಿಗೆಗೆ ಹಾಕಿ, ಹೇಗೆ ಹಚ್ಚಬೇಕೆಂದು ದೊಡ್ಡ ಅಕ್ಷರದಲ್ಲಿ ಬರೆದಿಟ್ಟು ಕೊರಿಯರಿಗೆ ಕೊಟ್ಟಳು. ತಲುಪಿತೆಂದು ಹೆಬ್ಬೆರಳಿನ ಚಿತ್ರ ಬಂತು. ಅದರ ಮುಂದಿನ ಮಂಗಳವಾರ ಏನೂ ಬರಲಿಲ್ಲ. ಆ ವಾರ ಮ್ಯಾನೇಜರು ಅವಳನ್ನು ಕೌಂಟರಿಗೆ ವಾಪಸು ಕರೆದ. ಮತ್ತೆ ಎಲ್ಲರೂ ಅಕ್ಕ ಅಕ್ಕ ಎಂದರು. ಒಬ್ಬ ಹೆಂಗಸು ಕೆನ್ನೆಗೆ ಏನೋ ಹಚ್ಚಿಸಿಕೊಂಡು "ಸ್ವಲ್ಪ ಉರೀತಿದೆ, ಪರವಾಗಿಲ್ವಾ?" ಎಂದಾಗ ಕೌಂಟರಕ್ಕ ಒದ್ದೆ ಹತ್ತಿ ತಂದು ತಾನೇ ಒರೆಸಿ ತೆಗೆದು, "ಇದು ನಿಮಗೆ ಬೇಡ, ಬಿಡಿ" ಎಂದಳು. ವ್ಯಾಪಾರ ಕೆಟ್ಟಿತು. ಲಿಪ್‌ಸ್ಟಿಕ್ ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು.

ಮೂರನೇ ಮಂಗಳವಾರ ಮಧ್ಯಾಹ್ನ ಫೋನು ಬಡಿಯಿತು. ತಂಗಿ.

"ಡಾಕ್ಟರಿಗೆ ತೋರಿಸಿದೆ. ಅವರೂ ಎಲ್ಲ ನಿಲ್ಲಿಸು ಅಂದ್ರು. ಕ್ರೀಮು ಹಚ್ಚಿ ನೋಡು ಅಂದ್ರು. ಈಗ ಬಚ್ಚಲಲ್ಲಿದೀನಿ. ಒಬ್ಬಳೇ ಹಚ್ಕೊಳೋಕೆ ಧೈರ್ಯ ಬರ್ತಿಲ್ಲ."

"ನಾನಿದೀನಿ. ಮುಖ ತೊಳ್ಕೊಂಡ್ಯಾ? ಒತ್ತಿ ಒರೆಸು, ಉಜ್ಜಬೇಡ. ಒಂದು ಕಡಲೆಕಾಳಿನಷ್ಟು ತಗೊ. ಮೆಲ್ಲಗೆ."

ಆ ಕಡೆ ಡಬ್ಬಿಯ ಮುಚ್ಚಳ ತಿರುಗಿದ ಸದ್ದು ಕೇಳಿತು. ಕೌಂಟರಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಹಚ್ಚಿದೆ."

"ಹೇಗಿದೆ?"

"ಪರವಾಗಿಲ್ಲ" ಎಂದಳು ತಂಗಿ. "ತಣ್ಣಗಿದೆ."

ಆ ದನಿ ಕೌಂಟರಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಕೈ ಮುರಿದ ಗೊಂಬೆಗಳ ಕೋಣೆಯಲ್ಲಿ ಅವಳದೂ ಅದೇ ದನಿಯಾಗಿತ್ತು. ಕಳಿಸಿದ್ದು ತಾನು, ಒಳ್ಳೆಯದೆಂದು ಹೇಳಿದ್ದು ತಾನು, ಡಾಕ್ಟರೂ ಒಪ್ಪಿದ್ದರು. ಸರಿ ಹಾಗಾದರೆ ಎಂದು ಸುಮ್ಮನಾಗಬಹುದಿತ್ತು.

"ಸುಳ್ಳು ಹೇಳಬೇಡ್ವೇ" ಎಂದಳು. "ನನಗೆ ಬೇಜಾರಾಗುತ್ತೆ ಅಂತ ನೋಡಬೇಡ. ನಿಜವಾಗ್ಲೂ ಹೇಗಿದೆ?"

ಕೌಂಟರಕ್ಕ ಕಾದಳು.

"ಅಕ್ಕಾ" ಎಂದಳು ತಂಗಿ, ಸಣ್ಣ ದನಿಯಲ್ಲಿ. "ಉರೀತಿದೆ."

"ತೊಳ್ಕೊ" ಎಂದಳು ಅಕ್ಕ. "ಈಗಲೇ ತೊಳ್ಕೊ."

ಆ ಕಡೆ ನಲ್ಲಿ ತಿರುಗಿಸಿದ ಸದ್ದಾಯಿತು, ನೀರು ಸುರಿಯತೊಡಗಿತು. ನಲ್ಲಿ ನಿಲ್ಲುವವರೆಗೂ ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.